273 ವರ್ಷದ ಸಿನಿಮಾ

ಸರ್ಕಾರಿ ಕೆಲಸ ಆಮೆಗತಿಯದ್ದು ಎಂದು ಗೊಣಗುವವರು 2024ರ ಡಿಸೆಂಬರ್ ತಿಂಗಳನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಹರಿಯಾಣ ವಿಧಾನಸಭಾ ಚುನಾವಣೆಯ ಸಿಸಿಟಿವಿ ದೃಶ್ಯ, ಮತಗಟ್ಟೆವಾರು ಚಲಾಯಿತ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿಗಳನ್ನು ಕೇಳಿದ ವಕೀಲರೊಬ್ಬರಿಗೆ ಅವನ್ನು ಕೊಡಿ ಎಂದು 9ನೇ ತಾರೀಖು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಹೇಳಿತು. ಆರು ವಾರ ಗಡುವನ್ನೂ ಕೊಟ್ಟಿತು. ಅಷ್ಟೆಲ್ಲ ಕಾಯಿಸುವುದುಂಟೇ? 20ನೇ ತಾರೀಖಿಗೆ ಚುನಾವಣಾ ಆಯೋಗದ ಶಿಫಾರಸಿನಂತೆ ಕಾನೂನು ಸಚಿವಾಲಯ ನಿಯಮವನ್ನೇ ತಿದ್ದಿ ಮುಗಿಸಿತ್ತು. ಖಾತೆ ಬದಲಾವಣೆಗೆ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಿರುವ ರೈತರು ಈ ಚುರುಕುತನವನ್ನು ಕೇಳಿದರೆ ಅಲ್ಲೇ ಮೂರ್ಛೆ ಹೋದಾರು.

ಚುನಾವಣೆಗೆ ಸಂಬಂಧಿಸಿದ ಇತರ ಎಲ್ಲ ಕಾಗದಪತ್ರಗಳೂ ಸಾರ್ವಜನಿಕರ ಪರಿಶೀಲನೆಗೆ ಮುಕ್ತ ಎಂದು 1961ರ ಚುನಾವಣಾ ನಿಯಮಾವಳಿಯ 93ನೇ ನಿಯಮ ಧಾರಾಳವಾಗಿ ಹೇಳುತ್ತಿತ್ತು. ಈಗ ಆ ನಿಯಮಾವಳಿಯಲ್ಲೇ ಹೆಸರಿಸಿರುವ ಕಾಗದಪತ್ರಗಳು ಮಾತ್ರ. 1961ರ ಪುಣ್ಯಾತ್ಮರಿಗೆ ಸಿಸಿಟಿವಿ ಕನಸಿನಲ್ಲೂ ಬಂದಿರಲಿಲ್ಲ, ಹಾಗಾಗಿ ಬರೆಯಲಿಲ್ಲ, ಹಾಗಾಗಿ ನಿಮಗಿಲ್ಲ.

ಇಷ್ಟಾದರೂ ದೃಶ್ಯಗಳು ಎಲ್ಲೋ ಉಳಿದಿರುತ್ತವಲ್ಲ ಎಂಬ ಚಿಂತೆ ಕಾಡಿರಬೇಕು. ಚುನಾವಣಾ ತಕರಾರು ಅರ್ಜಿ ಬಾರದಿದ್ದರೆ ಫಲಿತಾಂಶ ಬಂದ 45 ದಿನಗಳ ಬಳಿಕ ಅವನ್ನು ನಾಶ ಮಾಡಬಹುದು ಎಂದು 2025ರ ಮೇ 30ರಂದು ಆಯೋಗ ರಾಜ್ಯಗಳಿಗೆ ಬರೆಯಿತು. ಸೋತವರು ಅರ್ಜಿ ಹಾಕಲು ಪುರಾವೆ ಬೇಕು. ಪುರಾವೆ ಕ್ಯಾಮೆರಾದಲ್ಲಿದೆ. ಕ್ಯಾಮೆರಾದ ದೃಶ್ಯ ಬೇಕಾದರೆ ಅರ್ಜಿ ಹಾಕಿರಬೇಕು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಗೆ ಇಷ್ಟು ದಿನ ಕಾನೂನಿನ ಮಾನ್ಯತೆ ಇರಲಿಲ್ಲ.

ಆಯೋಗಕ್ಕೆ ನಮ್ಮ ಆರೋಗ್ಯದ ಕಾಳಜಿಯೂ ಇದೆ. ಒಂದು ಲಕ್ಷ ಮತಗಟ್ಟೆಗಳ ದೃಶ್ಯ ನೋಡಲು ಒಂದು ಲಕ್ಷ ದಿನ, ಅಂದರೆ 273 ವರ್ಷ ಬೇಕೆಂದು ಅದು ಲೆಕ್ಕ ಹಾಕಿಕೊಟ್ಟಿದೆ. ಲೆಕ್ಕ ಸರಿಯಾಗಿಯೇ ಇದೆ. ಒಬ್ಬನೇ ಮನುಷ್ಯ, ಭಾನುವಾರದ ರಜೆಯೂ ಇಲ್ಲದೆ ಕೂತಿರಬೇಕು. ಇಂದು ಮುಗಿಸಬೇಕಾಗಿದ್ದರೆ ಹೈದರ್ ಅಲಿ ಮೈಸೂರಿನ ಅಧಿಕಾರ ಹಿಡಿಯುವ ಮೊದಲೇ ಶುರುಮಾಡಬೇಕಿತ್ತು. ಕೇಳುವವನಿಗೆ ಬೇಕಿರುವುದು ತನ್ನೂರಿನ ಶಾಲೆಯ ಮತಗಟ್ಟೆಯಲ್ಲಿ ಸಂಜೆ ಐದರಿಂದ ಆರರವರೆಗಿನ ದೃಶ್ಯ ಮಾತ್ರ, ಅದಕ್ಕೆ ಒಂದು ಗಂಟೆ ಸಾಕು ಎಂದು ಆಯೋಗಕ್ಕೆ ಯಾರೂ ತಿಳಿಸಿದಂತಿಲ್ಲ. ಲೋಕಸಭೆಯ 64 ಕೋಟಿ ಮತಗಳನ್ನು ಒಂದು ಹಗಲು, ಒಂದು ರಾತ್ರಿಯಲ್ಲಿ ಎಣಿಸಿ ಬಿಸಾಡುವ ಸಂಸ್ಥೆ ಇದೇ.

ಕೊನೆಯ ಅಸ್ತ್ರ ಮಾನಮರ್ಯಾದೆಯದ್ದು. ಬೆಂಗಳೂರಿನ ಮಹದೇವಪುರದ ಮತದಾರರ ಪಟ್ಟಿಯಲ್ಲಿ ಅಕ್ರಮ ನಡೆದಿದೆ ಎಂದು ರಾಹುಲ್ ಗಾಂಧಿ ಎಬ್ಬಿಸಿದ ಗಲಾಟೆಯ ಬಿಸಿ ಆರುವ ಮುನ್ನ, 2025ರ ಆಗಸ್ಟ್ 17ರಂದು, ಮುಖ್ಯ ಚುನಾವಣಾ ಆಯುಕ್ತರು ಪತ್ರಕರ್ತರೆದುರು ಕೂತು, ನಮ್ಮ ತಾಯಂದಿರ, ಸೊಸೆಯಂದಿರ, ಹೆಣ್ಣುಮಕ್ಕಳ ಸಿಸಿಟಿವಿ ದೃಶ್ಯಗಳನ್ನು ಹಂಚಬೇಕೇ ಎಂದು ಕೇಳಿದರು. ಕೇಳಿ ಗಂಟಲು ಕಟ್ಟಿತು. ಆದರೆ ಮಹಿಳಾ ಸಿಬ್ಬಂದಿಯೇ ನಡೆಸುವ ನಮ್ಮೂರಿನ ಸಖಿ ಮತಗಟ್ಟೆ ನೆನಪಾಗಿ ಗಂಟಲು ತಾನೇ ಸರಿಹೋಯಿತು. ಗುಲಾಬಿ ಬಲೂನು, ಗುಲಾಬಿ ಪರದೆ, ಬಾಗಿಲ ಪಕ್ಕದಲ್ಲೇ ‘ಸೆಲ್ಫಿ ಪಾಯಿಂಟ್’. ಮತ ಹಾಕಿ ಬಂದ ಅಜ್ಜಿಯನ್ನು ಸಿಬ್ಬಂದಿಯೇ ತಡೆದು, ಶಾಯಿ ಬಿದ್ದ ಬೆರಳನ್ನು ಮೂಗಿನ ಮಟ್ಟಕ್ಕೆ ಎತ್ತಿಸಿ, ‘ಸ್ವಲ್ಪ ನಗಿ ಅಜ್ಜಿ’ ಎಂದು ಫೋಟೊ ತೆಗೆದರು. ಮರುದಿನ ಅಜ್ಜಿ ಪತ್ರಿಕೆಯ ಮುಖಪುಟದಲ್ಲಿದ್ದರು. ಆಗ ಅಜ್ಜಿಯ ಖಾಸಗಿತನ ಊಟಕ್ಕೆ ಹೋಗಿತ್ತೆಂದು ಕಾಣುತ್ತದೆ.

ಕ್ಯಾಮೆರಾಗಳ ಮೇಲಿನ ಪ್ರೀತಿಯಂತೂ ಕಡಿಮೆಯಾಗಿಲ್ಲ. ಬಿಹಾರದ ಚುನಾವಣೆಗೆ ಎಲ್ಲ ಮತಗಟ್ಟೆಗಳಿಂದಲೂ ನೇರ ವೆಬ್‌ಕಾಸ್ಟಿಂಗ್ ಎಂದು ಹೆಮ್ಮೆಯಿಂದ ಸಾರಿದರು. ಆಡಳಿತದ ಒಳ ಉಪಯೋಗಕ್ಕೆ ಮಾತ್ರ, ಸಾರ್ವಜನಿಕರು ತಲೆ ಕೆಡಿಸಿಕೊಳ್ಳಬೇಕಿಲ್ಲ. ನಮ್ಮ ಮತಗಟ್ಟೆಯ ಬಾಗಿಲಿಗೂ ‘ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ’ ಎಂಬ ಫಲಕ ಬರಲಿ. ಕೆಳಗೆ ಸಣ್ಣ ಅಕ್ಷರದಲ್ಲಿ ‘45 ದಿನಗಳ ವಾರಂಟಿ ಮಾತ್ರ’ ಎಂದು ಸೇರಿಸಿದರಾಯಿತು.