ಸತ್ಯಾಂಶ: ಕಾಲಿಗೆ ಮರಳಿನ ಚೀಲ ಕಟ್ಟಿ ಹಾರಿದರೆ ನೆಗೆತ ಒಂದಡಿ ಹೆಚ್ಚುತ್ತಾ?

ವಾಲಿಬಾಲ್ ಆಡುವ ಹುಡುಗರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಸುತ್ತುತ್ತಿರುತ್ತದೆ: 'ಕಾಲಿಗೆ ಮರಳಿನ ಚೀಲ ಕಟ್ಟಿ ದಿನಾ 500 ಸಲ ಹಾರಿ. ತಿಂಗಳಲ್ಲಿ ಒಂದಡಿ ಜಾಸ್ತಿ ನೆಗೆಯುತ್ತೀರಿ.'

ಹಾಗಾಗುವುದಿಲ್ಲ. 500 ಸಲ ಹಾರಿದರೆ ಬೆಳೆಯುವುದು ದಮ್ಮು, ನೆಗೆತವಲ್ಲ. ಸ್ವಲ್ಪ ಹೊತ್ತಿಗೇ ಕಾಲು ಸೋಲುತ್ತದೆ, ಆಮೇಲಿನದೆಲ್ಲ ಸುಮ್ನೆ ಕುಪ್ಪಳಿಸುವುದು. ಭಾರ ಬೇರೆ ಇದ್ದರೆ ಮಂಡಿಗೆ ಪೆಟ್ಟು. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟರೆ ಸಾಕು, ಹಾ ಅನ್ನುವ ಆಟಗಾರರು ಎಲ್ಲ ಕಡೆ ಸಿಗುತ್ತಾರೆ.

ಎತ್ತರಕ್ಕೆ ಹಾರಲು ಕಾಲಲ್ಲಿ ಬಲ ಬೇಕು, ಆ ಬಲ ಥಟ್ಟನೆ ಹೊರಬರಬೇಕು. ಬಲಕ್ಕೆ ಸ್ಕ್ವಾಟ್, ಅಂದರೆ ಬಸ್ಕಿ ಇದೆ. ಥಟ್ಟನೆ ಚಿಮ್ಮುವುದಕ್ಕೆ ಸೋವಿಯತ್ ಕೋಚ್ ಯೂರಿ ವೆರ್ಖೋಶಾನ್ಸ್ಕಿ 1960ರ ದಶಕದಲ್ಲಿ ಬೆಳೆಸಿದ ಡೆಪ್ತ್ ಜಂಪ್ ಇದೆ. ಪೆಟ್ಟಿಗೆಯ ಮೇಲಿಂದ ಕೆಳಗಿಳಿಯಬೇಕು, ಪಾದ ನೆಲ ಮುಟ್ಟಿದ್ದೇ ತಡ, ಕಾದ ಹಂಚು ತುಳಿದವರ ಹಾಗೆ ಮೇಲಕ್ಕೆ ಹಾರಬೇಕು. ಸ್ನಾಯು, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ಎಳೆದು ಬಿಟ್ಟ ರಬ್ಬರಿನಂತೆ ಕೆಲಸ ಮಾಡುತ್ತವೆ. ನೆಲದ ಮೇಲೆ ತಡ ಮಾಡಿದರೆ ಆ ಲಾಭ ಹೋಯಿತು, ಅಲ್ವಾ?

ಇದು ಹೊಸಬರ ಕಸರತ್ತಲ್ಲ. ಅವರು ಮೊದಲು ಸದ್ದಾಗದಂತೆ ಇಳಿಯುವುದನ್ನು ಕಲಿಯಲಿ. ವಾರಕ್ಕೆ ಎರಡು ದಿನ, ಮಧ್ಯೆ ವಿಶ್ರಾಂತಿ, ಕೆಲವೇ ಹಾರಾಟ, ಪ್ರತಿಯೊಂದೂ ಪೂರ್ತಿ ಜೋರಿನಲ್ಲಿ.

ಈಗ 50 ಸೆಂ.ಮೀ. ಹಾರುವವರಿಗೆ ಎರಡು-ಮೂರು ತಿಂಗಳಲ್ಲಿ ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಹೆಚ್ಚಬಹುದು. ಗಂಡಸರ ನೆಟ್ 2.43 ಮೀಟರ್ ಎತ್ತರ, ಅಲ್ಲಿ ಎದುರಾಳಿಯ ಹೊಡೆತ ತಡೆಯುವುದಕ್ಕೂ (ಬ್ಲಾಕ್) ಚೆಂಡು ಕೈ ಮೇಲಿಂದ ಹೋಗುವುದಕ್ಕೂ ಮೂರು ಬೆರಳಷ್ಟೇ ವ್ಯತ್ಯಾಸ. ನಂಬಿಕೆ ಬಾರದಿದ್ದರೆ ಬೆರಳಿಗೆ ಸೀಮೆಸುಣ್ಣ ಹಚ್ಚಿ ಗೋಡೆಗೆ ಹಾರಿ ಗುರುತು ಮಾಡಿ, ತಿಂಗಳು ಬಿಟ್ಟು ಮತ್ತೆ ಅಳೆಯಿರಿ.