ಬೇಕಾಗಿದ್ದಾರೆ: ಏಳು ಭಾಷೆ ಬಲ್ಲವರು

ನಮ್ಮ ಸಂಘದ ಕಚೇರಿ ಏಳು ವರ್ಷ ನನ್ನ ಕಾರಿನ ಡಿಕ್ಕಿಯಲ್ಲಿತ್ತು. ಮನೆಗಳ ಪ್ಲಾನ್ ಮಾಡುವ ಎಂಜಿನಿಯರುಗಳ ಸಂಘ, ಕಾಸರಗೋಡು ಘಟಕ. ನಾನು ಗೌರವ ಕಾರ್ಯದರ್ಶಿ. ಸೀಲು, ರಶೀದಿ ಪುಸ್ತಕ, ಬ್ಯಾನರು ಎಲ್ಲ ಸ್ಟೆಪ್ನಿಯ ಪಕ್ಕದಲ್ಲೇ ಸಂಸಾರ ಹೂಡಿದ್ದವು. ಒಮ್ಮೆ ಕಾರು ಮಂಗಳೂರಿನ ವರ್ಕ್‌ಶಾಪು ಸೇರಿತು. ಕೆಟ್ಟದ್ದು ಕ್ಲಚ್ಚು, ನಾಲ್ಕು ದಿನ ನಿಂತದ್ದು ಸಂಘ.

ಹಳೆಯ ಮಿನಿಟ್ಸ್ ಪುಸ್ತಕಗಳನ್ನು ಮಾತ್ರ ಜೋಪಾನವಾಗಿರಲಿ ಅಂತ ಮನೆಯ ಅಟ್ಟದಲ್ಲಿ ಇಟ್ಟಿದ್ದೆ. ಒಂದು ಮಳೆಗಾಲ ಕಳೆದು ನೋಡಿದರೆ ಒರಲೆ. ಅದಕ್ಕೂ ಒಂದು ರುಚಿ ಇತ್ತು ಅಂತ ಕಾಣುತ್ತದೆ. ಎರಡು ವರ್ಷದ ನಿರ್ಣಯಗಳನ್ನೆಲ್ಲ ತಿಂದು, ಅಂಚಿನಲ್ಲಿ ಬರೆದಿದ್ದ 'ಚಹಾ 14, ಬನ್ಸ್ 22' ಎಂಬ ಲೆಕ್ಕವನ್ನು ಹಾಗೇ ಬಿಟ್ಟಿತ್ತು.

ಅಷ್ಟರಲ್ಲಿ ನಮ್ಮ ಖಜಾಂಚಿ ಕೆಲಸ ಸಿಕ್ಕಿ ದುಬೈಗೆ ಹೋದರು. ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಅವರದ್ದೇ. ಬೆಳಿಗ್ಗೆ ಏಳಕ್ಕೆ ನಾನು ಹಾಲ್‌ನ ಬಾಡಿಗೆ ಕಳಿಸಲು ಕೂತರೆ ಅಲ್ಲಿ ಐದೂವರೆ. ಅವರು ಎದ್ದು, ಕನ್ನಡಕ ಹುಡುಕಿ, ಆರು ಅಂಕೆ ಓದುವಷ್ಟರಲ್ಲಿ ಒಟಿಪಿ ತೀರಿಕೊಂಡಿರುತ್ತಿತ್ತು. "ಇನ್ನೊಮ್ಮೆ ಒತ್ತಿ ಮಾರಾಯ್ರೆ." ಒತ್ತಿದರೆ ಅವರು ಮತ್ತೆ ನಿದ್ದೆ. ನಂಬರು ಬದಲಿಸಿ ಅಂತ ಬ್ಯಾಂಕಿಗೆ ಹೋದೆ. ಹೊಸ ಖಜಾಂಚಿಯನ್ನು ಆರಿಸಿದ ನಿರ್ಣಯದ ಪ್ರತಿ ಕೇಳಿದರು. ಅದು ಒರಲೆಯ ಹೊಟ್ಟೆಯಲ್ಲಿತ್ತು.

ಇದರ ಮೇಲೆ ನೋಂದಣಿಯ ತಲೆಬಿಸಿ. ನಮ್ಮ ಕಡೆಯ ಸಂಘಗಳಿಗೆ ಈಗಲೂ 1860ರ ಸಂಘಗಳ ನೋಂದಣಿ ಕಾಯ್ದೆ. ಮಹಾಸಭೆ ಮುಗಿದು 14 ದಿನದೊಳಗೆ ಪದಾಧಿಕಾರಿಗಳ ಪಟ್ಟಿ ಕೊಡಬೇಕು. ನಾವು ಕೊಡದೆ ಮೂರು ವರ್ಷವಾಗಿತ್ತು. ಹಾಗಾಗಿ ಸಂಬಳ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳೋಣ ಎಂದು ನಿರ್ಧಾರವಾಯಿತು.

ನಿರ್ಧಾರಕ್ಕೇ ಮೂರು ಸಭೆ ಬೇಕಾಯಿತು. ಮೊದಲನೆಯದು ಪೂರ್ತಿ 'ಸಂಬಳವೋ ಗೌರವಧನವೋ' ಎಂಬುದಕ್ಕೆ. ಗೌರವಧನ ಅಂದರೆ ಗೌರವ ಜಾಸ್ತಿ ಕೊಟ್ಟು ಧನ ಕಮ್ಮಿ ಕೊಡಬಹುದಲ್ವಾ, ಅದಕ್ಕೆ ಅದೇ ಗೆದ್ದಿತು. ಎರಡನೆಯದರಲ್ಲಿ ಹೊಸ ಖಜಾಂಚಿ ಪಿಎಫ್ ಕಟ್ಟಬೇಕಾದೀತು ಅಂತ ಬೆವರಿದರು. ಅದು ಕೆಲಸಕ್ಕೆ ಇಪ್ಪತ್ತು ಜನ ಇದ್ದರೆ ಮಾತ್ರ, ನಾವು ಇಡುವುದು ಒಬ್ಬರನ್ನು ಎಂದು ವಕೀಲರು ಹೇಳಿದರೂ ಅವರ ಬೆವರು ಆರಲಿಲ್ಲ. ಮೂರನೆಯದು ಜಾಹೀರಾತಿಗೆ. ಕನ್ನಡ, ಮಲಯಾಳ, ಇಂಗ್ಲಿಷ್ ಬೇಕು ಅಂತ ನಾನು ಬರೆದಿದ್ದೆ. ತುಳು ಬೇಡ್ವಾ ಅಂತ ಒಬ್ಬರು. ಕೊಂಕಣಿ ಇಲ್ಲದೆ ಹೇಗೆ ಅಂತ ಇನ್ನೊಬ್ಬರು. ಬ್ಯಾರಿ, ಮರಾಠಿಯೂ ಸೇರಿದವು. ಸಪ್ತಭಾಷೆಗಳ ನಾಡು ಅಂತ ಸ್ವಾಗತ ಭಾಷಣದಲ್ಲಿ ಹೇಳುವುದನ್ನೇ ಕೆಲಸಕ್ಕೆ ಅರ್ಹತೆ ಮಾಡಿದೆವು. ಜೊತೆಗೆ ಟ್ಯಾಲಿ, ಎರಡು ಲಿಪಿಯ ಟೈಪಿಂಗು, ಸ್ವಂತ ಸ್ಕೂಟರ್. ತಿಂಗಳಿಗೆ 6,000 ರೂಪಾಯಿ.

ಹೆಂಡತಿ ಓದಿ ಕಾಗದ ವಾಪಸು ಕೊಟ್ಟಳು. "ಇಷ್ಟೆಲ್ಲ ಬರುವವರು ಕಲೆಕ್ಟರ್ ಆಗ್ತಾರೆ. ನಿಮ್ಮ ಡಿಕ್ಕಿಗೆ ಯಾಕೆ ಬರ್ತಾರೆ?"

ಬಂದವರು ಒಬ್ಬರೇ. ಕುಂಬಳೆ ಕಡೆಯವರು, ಸಹಕಾರಿ ಸಂಘವೊಂದರಲ್ಲಿ ಎಂಟು ವರ್ಷ ಗುಮಾಸ್ತೆಯಾಗಿದ್ದವರು. ನಾವು ಹನ್ನೊಂದು ಜನ ಸಾಲಾಗಿ ಕೂತಿದ್ದೆವು. ಪ್ರಶ್ನೆ ಕೇಳಿದ್ದು ಅವರು.

"ಸದಸ್ಯರು ಎಷ್ಟು ಜನ ಇದ್ದಾರೆ?"

ಅಧ್ಯಕ್ಷರು 240 ಎಂದರು. ಖಜಾಂಚಿ 180 ಎಂದರು. ನಾನು, ಊಟ ಇದ್ದರೆ ತೊಂಬತ್ತು ಎಂದೆ.

"ನಾನು ರಜೆ ಕೇಳುವುದು ಯಾರ ಹತ್ತಿರ?"

"ನನ್ನ ಹತ್ತಿರ" ಅಂತ ನಾಲ್ಕು ಸ್ವರ ಒಟ್ಟಿಗೆ ಬಂತು. ಅವರು ನಕ್ಕು, 9,000 ಆದರೆ ಬರುತ್ತೇನೆ ಎಂದರು. ಯಾರೂ ಚರ್ಚೆ ಮಾಡಲಿಲ್ಲ. ವಿದ್ಯಾನಗರದಲ್ಲಿ ಒಂದು ಕೋಣೆಯೂ ಸಿಕ್ಕಿತು. ಮೊದಲ ದಿನದಿಂದಲೇ ಅವರು ನಮಗೆಲ್ಲ ಅಕ್ಕ ಆದರು.

ಇನ್ನು ಭಾನುವಾರ ಆರಾಮ ಅಂದುಕೊಂಡೆ. ಎಲ್ಲರೂ ಹಾಗೇ ಅಂದುಕೊಂಡಿದ್ದರು, ಅದೇ ತಾಪತ್ರಯ. ಎರಡನೇ ತಿಂಗಳ ಸಭೆಗೆ ಅಕ್ಕ ನೂರು ಪುಟದ ಒಂದು ನೋಟ್‌ಬುಕ್ ತಂದರು. ಸ್ಕೇಲಿಟ್ಟು ಎಳೆದ ಮೂರು ಗೆರೆ, ನಾಲ್ಕು ಕಾಲಂ: ತಾರೀಕು, ಹೇಳಿದವರು, ಹೇಳಿದ ಕೆಲಸ, ನಿಜವಾಗಿ ಯಾರ ಕೆಲಸ. ಓದುತ್ತಾ ಹೋದರು. ಅಧ್ಯಕ್ಷರು: ಮಗಳ ಮದುವೆ ಕಾಗದಕ್ಕೆ ವಿಳಾಸ ಬರೆಯುವುದು, 310. ಉಪಾಧ್ಯಕ್ಷರು: ಮನೆಯ ಕರೆಂಟು ಬಿಲ್ಲು, ಎರಡು ತಿಂಗಳದ್ದು. ಖಜಾಂಚಿ: ಅಡಿಕೆ ಧಾರಣೆ ಕೇಳಿ ತಿಳಿಸುವುದು. ನನ್ನ ಹೆಸರು ಬರಲೇ ಇಲ್ಲವಲ್ಲ ಅಂತ ಒಳಗೊಳಗೇ ಬೀಗುತ್ತಿದ್ದೆ. ಪುಟ ತಿರುಗಿತು.

"ಕಾರ್ಯದರ್ಶಿಗಳು: 'ಸ್ವಲ್ಪ ನೋಡಿಕೊಳ್ಳಿ ಅಕ್ಕ', ಹದಿನೇಳು ಸಲ. ಎಂತದನ್ನು ಅಂತ ಹೇಳಿಲ್ಲ."

ಅವತ್ತಿನಿಂದ ಅಕ್ಕನಿಗೆ ಕೆಲಸ ಹೇಳುವವರು ಒಬ್ಬರೇ ಎಂದು ನಿರ್ಣಯವಾಯಿತು. ಆ ಒಬ್ಬರು ನಾನೇ. ಆದರೆ ಹೇಳುವುದು ಅವರು, ಕೇಳುವುದು ನಾನು. ದಿನಾ ಒಂಬತ್ತೂವರೆಗೆ ಫೋನು. "ಸರ್, ಆ ಸಹಿ ಎಂತ ಆಯ್ತು?" 2024ರ ಜನವರಿಯಲ್ಲಿ ನಗರಸಭೆಗಳಿಗೆ ಕೆ-ಸ್ಮಾರ್ಟ್ ಎಂಬ ಕೇರಳ ಸರಕಾರದ ಆನ್‌ಲೈನ್ ವ್ಯವಸ್ಥೆ ಬಂದು ಕಟ್ಟಡ ಪರವಾನಗಿ ಅರ್ಜಿಯೆಲ್ಲ ಅದರೊಳಗೆ ಹೋದಾಗಿನಿಂದ ಸದಸ್ಯರು ತರಬೇತಿ ಕೇಳುತ್ತಿದ್ದರು, ನಾವು 'ಮಾಡುವ, ಮಾಡುವ' ಅನ್ನುತ್ತಿದ್ದೆವು. ಅಕ್ಕ ಮೂರು ವಾರದಲ್ಲಿ ಮಾಡಿಸಿಬಿಟ್ಟರು. ಪದಾಧಿಕಾರಿಗಳ ಪಟ್ಟಿ ಹೋಯಿತು. ದುಬೈಯವರೂ ಈಗ ಬೆಳಿಗ್ಗೆ ಏಳರವರೆಗೆ ಮಲಗುತ್ತಾರಂತೆ.

ಹೋದ ವಾರ ಚಂದಾ ಬಾಕಿಯ ಪಟ್ಟಿ ಮೇಜಿನ ಮೇಲಿಟ್ಟರು. ಗದರಿಸಿ ಕಾಗದ ಬರೆಯೋಣ ಅಂತ ಪೆನ್ನು ತೆಗೆದೆ. ಆರನೇ ಹೆಸರು ನನ್ನದು. ಮೂರು ವರ್ಷ.

"ಮರೆತುಹೋಯ್ತು ಅಕ್ಕ, ಈಗಲೇ ಕೊಡ್ತೇನೆ" ಎಂದು ನೋಟು ಎಣಿಸಿದೆ. ಅವರೂ ಎಣಿಸಿಕೊಂಡರು.

"ರಶೀದಿ ಪುಸ್ತಕ ಇನ್ನೂ ನಿಮ್ಮ ಡಿಕ್ಕಿಯಲ್ಲೇ ಉಂಟು ಸರ್. ಕಾರು ಕೆಳಗೆ ಉಂಟಾ?"

ಕಾರನ್ನು ಬೆಳಿಗ್ಗೆಯೇ ಹೆಂಡತಿ ಮಂಗಳೂರಿಗೆ, ಒಂದು ಮದುವೆಗೆ ಒಯ್ದಿದ್ದಳು. ಅಕ್ಕ ಏನೂ ಹೇಳಲಿಲ್ಲ. ಸುಮ್ನೆ ನೋಟ್‌ಬುಕ್ ತೆಗೆದರು.