ಈಶಾನ್ಯ ಮೂಲೆಯ ಅಭಿಷೇಕ

ನಡು ಅಂಗಳದ ಮನೆಯ ಚಿತ್ರಗಳನ್ನೆಲ್ಲ ಜನವರಿಯಲ್ಲೇ ತೆಗೆದಿರುತ್ತಾರೆ. ತೊಟ್ಟಿಯ ನಡುವೆ ತುಳಸಿಕಟ್ಟೆ, ಪಕ್ಕದಲ್ಲಿ ಹಿತ್ತಾಳೆ ಸರಪಳಿಯ ತೂಗುಮಣೆ, ಅದರ ಮೇಲೆ ಬಿಳಿ ಜುಬ್ಬ ತೊಟ್ಟು ಕಾಫಿ ಹೀರುವ ಒಬ್ಬ ಪುಣ್ಯಾತ್ಮ. ಮೊಬೈಲಿನಲ್ಲಿ ಅದನ್ನು ತೋರಿಸಿ ‘ಇದೇ ನಮೂನೆ ಆಗಬೇಕು’ ಎಂದರೆ ಶಿರಸಿ ಕಡೆಯ ಮೇಸ್ತ್ರಿ ತಲೆ ಅಲ್ಲಾಡಿಸುತ್ತಾರೆ. ಅದು ಹೌದೋ ಅಲ್ಲವೋ ಎಂಬುದು ಜೂನ್ ತನಕ ಗೊತ್ತಾಗುವುದಿಲ್ಲ.

ಉತ್ತರ ಕನ್ನಡದ ಶಿರಸಿಯಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಮಳೆ, ಕಾರವಾರದಲ್ಲಿ 3000 ದಾಟುತ್ತದೆ. ಬಹುಪಾಲು ನಾಲ್ಕೇ ತಿಂಗಳಲ್ಲಿ. ಹತ್ತಡಿಗೆ ಹತ್ತಡಿ ಅಂಗಳವೆಂದರೆ 9 ಚದರ ಮೀಟರ್, ಅಷ್ಟೇ ತಾನೆ ಅನ್ನಿಸುತ್ತದೆ. ಆದರೆ ನಾಲ್ಕೂ ಕಡೆಯ ಮಾಡು ಒಳಮುಖವಾಗಿ ಇಳಿದರೆ ಆ ತೊಟ್ಟಿಗೆ ಸುಲಭವಾಗಿ 60 ಚದರ ಮೀಟರಿನ ನೀರು ಬರುತ್ತದೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಗಂಟೆಗೆ 60 ಮಿ.ಮೀ. ಹೊಡೆತ ಆಷಾಢದಲ್ಲಿ ಹೊಸತೇನಲ್ಲ. ಆಗ ಸೆಕೆಂಡಿಗೊಂದು ಲೀಟರ್. ಅಂಗಳ ಜಗುಲಿಗಿಂತ ಆರಿಂಚು ತಗ್ಗಿದ್ದು, ನೀರು ಹೋಗುವ ಬಾಯಿ ಕಟ್ಟಿಕೊಂಡರೆ 22 ನಿಮಿಷಕ್ಕೆ ತೊಟ್ಟಿ ತುಂಬುತ್ತದೆ. 23ನೆಯ ನಿಮಿಷ ಸೋಫಾದ ಸರದಿ.

ಬೈಗುಳ ತಿನ್ನುವುದು ಪೈಪು. ಪಾಪ, ಅದರದ್ದೇನೂ ತಪ್ಪಿಲ್ಲ. ನಾಲ್ಕಿಂಚಿನ ಪಿವಿಸಿ ಪೈಪನ್ನು ನೂರಡಿಗೆ ಒಂದಡಿ ಇಳಿಜಾರಿನಲ್ಲಿ ಕೂರಿಸಿದರೆ ಇದರ ನಾಲ್ಕೈದು ಪಟ್ಟು ನೀರನ್ನು ಎಳೆದೊಯ್ಯುತ್ತದೆ. ಕೈಕೊಡುವುದು ಅದರ ಬಾಯಿಗೆ ಹಾಕಿದ ಚಂದದ ಸ್ಟೀಲ್ ಜಾಲರಿ. ಸ್ನಾನದ ಮನೆಗೆಂದು ಹುಟ್ಟಿದ ಆ ಅಂಗೈಯಗಲದ ಜಾಲರಿಯನ್ನು ಮುಚ್ಚಲು ಒಂದು ಹಲಸಿನೆಲೆ ಸಾಕು, ಮಕ್ಕಳು ಬಿಟ್ಟ ಕಾಗದದ ದೋಣಿ ಸಿಕ್ಕಿದರಂತೂ ಮುಗಿಯಿತು. ಬಾಯಿಯ ಜಾಗದಲ್ಲಿ ಒಂದಡಿ ಚೌಕದ ಗುಂಡಿ ಮಾಡಿ, ಅದರ ಮೇಲೆ ಗುಮ್ಮಟದಂತೆ ಉಬ್ಬಿದ ಜಾಲರಿ ಇಡಬೇಕು. ಸುತ್ತ ಎಲೆ ಕೂತರೂ ನೆತ್ತಿಯಿಂದ ನೀರು ಇಳಿಯುತ್ತದೆ. ಎದುರು ಮೂಲೆಯಲ್ಲಿ ಮೂರಿಂಚು ಎತ್ತರಕ್ಕೆ ಇನ್ನೊಂದು ಬಾಯಿ ಬೇಕು, ಅದಕ್ಕೆ ಬೇರೆಯೇ ಪೈಪು. ಎರಡನ್ನೂ ಒಂದೇ ಪೈಪಿಗೆ ಸೇರಿಸಿ ಉಳಿತಾಯ ಮಾಡಿದರೆ ಎರಡೂ ಒಟ್ಟಿಗೇ ಕಟ್ಟುತ್ತವೆ. ನೆಲದಡಿ ಲಂಬ ತಿರುವು ಬೇಡ, 45 ಡಿಗ್ರಿಯ ಎರಡು ಬೆಂಡು ಹಾಕಿ. ಪೈಪಿನ ಹೊರತುದಿಗೆ ಬಲೆಯೋ ಮುಚ್ಚಳವೋ ಇಲ್ಲದಿದ್ದರೆ ಮೊದಲ ಮಳೆಗೆ ಕಪ್ಪೆ ಒಳಗೆ ಬರುತ್ತದೆ. ಅದು ಸಮಸ್ಯೆಯಲ್ಲ. ಕಪ್ಪೆಯನ್ನು ಹುಡುಕಿಕೊಂಡು ಬರುವ ಕೇರೆಹಾವಿಗೆ ಊಟದ ಹೊತ್ತು ಗೊತ್ತಿರುವುದಿಲ್ಲ ಅನ್ನುವುದು ಸಮಸ್ಯೆ.

ಸೋರಿಕೆ ಶುರುವಾಗುವುದು ಮಾಡುಗಳು ಕೂಡುವ ನಾಲ್ಕು ಒಳಮೂಲೆಗಳಲ್ಲಿ. ಎರಡು ಮಾಡಿನ ನೀರು ಅಲ್ಲಿ ಒಂದೇ ದೋಣಿಗೆ, ಅಂದರೆ ನೀರು ಹರಿಸುವ ಕಾಲುವೆಗೆ, ಬೀಳುತ್ತದೆ. ತಗಡಿನ ದೋಣಿ ಎರಡೂ ಬದಿ ಹೆಂಚಿನಡಿಗೆ ಒಂಬತ್ತಿಂಚಾದರೂ ಹೋಗಿರಬೇಕು. ಆರಿಂಚಿನಲ್ಲಿ ಮುಗಿಸಿದರೆ ನೀರು ಅಂಚು ಹತ್ತಿ ಹೆಂಚು ಹೊರುವ ಪಕಾಸಿನ ಗುಂಟ ಇಳಿದು, ನೇರವಾಗಿ ಟಿವಿ ಇರುವ ಗೋಡೆಯನ್ನೇ ಆರಿಸಿಕೊಳ್ಳುತ್ತದೆ. ಕಾರವಾರ, ಅಂಕೋಲೆಯ ಉಪ್ಪುಗಾಳಿಗೆ ಸಾದಾ ತಗಡು ಬಾಳುವುದಿಲ್ಲ, ಅಲ್ಯೂಮಿನಿಯಂ ವಾಸಿ.

ಇನ್ನು ದೇವರ ವಿಷಯ. ವಾಸ್ತುವಿನ ಪ್ರಕಾರ ದೇವರ ಕೋಣೆ ಈಶಾನ್ಯಕ್ಕೆ. ನಮ್ಮಲ್ಲಿ ಮಳೆಗಾಳಿ ಬೀಸುವುದು ನೈಋತ್ಯದಿಂದ. ತೊಟ್ಟಿಯ ಬಾಯಿಂದ ಓರೆಯಾಗಿ ಒಳಬಂದ ಮಳೆ ಎದುರು ಮೂಲೆಗೆ, ಅಂದರೆ ಸೀದಾ ಈಶಾನ್ಯಕ್ಕೆ, ಹೊಡೆಯುತ್ತದೆ. ಭಟ್ಟರು ಬರುವ ಮೊದಲೇ ಅಭಿಷೇಕ ಮುಗಿದಿರುತ್ತದೆ, ನಂದಾದೀಪಕ್ಕೆ ಮಾತ್ರ ಬೆಂಕಿಪೊಟ್ಟಣ ದಿನಕ್ಕೊಂದು. ದೇವರನ್ನು ಸರಿಸುವುದು ಬೇಡ, ಜಗುಲಿಯನ್ನು ಸರಿಪಡಿಸಬಹುದು. ನಾಲ್ಕೂ ಕಡೆ ಒಂದೇ ಅಗಲ ಇಟ್ಟರೆ ನಕ್ಷೆಯಲ್ಲಿ ಚಂದ. ಮಳೆಗೆ ಬೇಕಾದದ್ದು ಪೂರ್ವ ಮತ್ತು ಉತ್ತರದಲ್ಲಿ ಆರಡಿ ಜಗುಲಿ, ಉಳಿದೆರಡು ಕಡೆ ನಾಲ್ಕಡಿ, ಸೂರು ಕಂಬದಿಂದ ಎರಡೂವರೆ ಅಡಿ ಮುಂದೆ. ಹಳಬರು ಮಳೆಗಾಲಕ್ಕೆ ಮುಂಚೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಈ ಎರಚಲಿಗೇ. ಈಗಿನವರು ಬಿದಿರಿನ ಪರದೆ ತರಿಸುತ್ತಾರೆ. ಶ್ರಾವಣದೊಳಗೆ ಅದರ ಮೇಲೆ ಬೂಸ್ಟು ಬರುತ್ತದೆ.

ಇಷ್ಟು ಕಷ್ಟ ಯಾಕೆ, ಮೇಲೊಂದು ಪಾಲಿಕಾರ್ಬೊನೇಟ್ ಶೀಟು ಹಾಕಿಬಿಡೋಣ ಎಂಬ ಬುದ್ಧಿ ಎರಡನೇ ವರ್ಷಕ್ಕೆ ಹೊಳೆಯುತ್ತದೆ. ಶೀಟನ್ನು ಮಾಡಿಗೆ ತಾಗಿಸಿ ಕೂರಿಸಿದರೆ ಮಳೆ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಬಿಸಿ ಗಾಳಿಗೆ ಮೇಲೇರಿ ಹೋಗಲು ದಾರಿಯಿಲ್ಲದೆ ಮನೆ ಹಪ್ಪಳ ಒಣಗಿಸುವುದಕ್ಕೆ ಲಾಯಕ್ಕಾಗುತ್ತದೆ. ಶೀಟು ಮಾಡಿಗಿಂತ ಒಂದೂವರೆ ಅಡಿ ಮೇಲಿರಲಿ, ನಾಲ್ಕೂ ಬದಿ ತೆರೆದಿದ್ದು ಬಲೆ ಇರಲಿ, ಅಂಚು ಎರಡಡಿ ಹೊರಚಾಚಲಿ. ಶಿರಸಿ ಕಡೆ ಇನ್ನೊಂದು ಲೆಕ್ಕವಿದೆ: ಮಂಗ. ಹೆಂಚಿನ ಮೇಲೆ ಓಡಾಡುವ ಮಂಗ ಶೀಟಿನ ಮೇಲೆ ಜಿಗಿಯುತ್ತದೆ, ಯಾಕೆಂದರೆ ಶೀಟು ಸದ್ದು ಮಾಡುತ್ತದೆ. ಅಡಿಯಲ್ಲಿ ಎರಡಡಿಗೊಂದು ಆಧಾರ ಕೊಟ್ಟರೆ ಶೀಟು ಉಳಿಯುತ್ತದೆ. ಮಧ್ಯಾಹ್ನದ ನಿದ್ದೆಗೆ ಪರಿಹಾರವಿಲ್ಲ.

‘ತೊಟ್ಟಿ ಇದ್ದರೆ ಮನೆ ತಂಪು’ ಎಂಬ ಮಾತೂ ಪೂರ್ತಿ ನಿಜವಲ್ಲ. ಏಪ್ರಿಲ್ ಕೊನೆ, ಮೇ ಮೊದಲ ದಿನಗಳಲ್ಲಿ ಈ ಜಿಲ್ಲೆಯಲ್ಲಿ ನಡುಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಸೆಕೆ ಹೆಚ್ಚಿರುವ ಹೊತ್ತಿಗೇ ಬಿಸಿಲು ನೇರ ಅಂಗಳದ ಕಲ್ಲಿಗೆ ಬಿದ್ದು, ಕಲ್ಲು ಸಂಜೆಯವರೆಗೂ ಹಬೆ ಬಿಡುತ್ತದೆ. ಅಡಕೆ ದಬ್ಬೆಯ ಮೇಲೆ ಸೋಗೆ ಹರಡಿದ ಚಪ್ಪರ ಈ ಎರಡು ತಿಂಗಳಿಗೆ ಬೇಕೇ ಬೇಕು. ಕರಾವಳಿಯ ತೇವದ ಗಾಳಿಯಲ್ಲಿ ತಂಪು ಕೊಡುವುದು ಬೀಸು. ಮಧ್ಯಾಹ್ನದ ಕಡಲಗಾಳಿ ಪಶ್ಚಿಮದ ಕಿಟಕಿಯಿಂದ ಬಂದು ತೊಟ್ಟಿ ದಾಟಿ ಪೂರ್ವದ ಬಾಗಿಲಿಂದ ಹೋಗಬೇಕು. ಪಶ್ಚಿಮದ ಗೋಡೆಗೆ ವಾರ್ಡ್‌ರೋಬು ಹೊಡೆಸಿದ ಮೇಲೆ ಗಾಳಿ ಪಕ್ಕದ ಮನೆಗೆ ಹೋಗುತ್ತದೆ.

ತೊಟ್ಟಿಯ ಸುತ್ತ ನುಣುಪಾದ ವಿಟ್ರಿಫೈಡ್ ಟೈಲ್ಸ್ ಹಾಕಿಸಿದವರಿಗೆ ಹೇಳಬೇಕಾದದ್ದು ಏನೂ ಉಳಿದಿಲ್ಲ, ಅವರಿಗೆ ಈಗಾಗಲೇ ಡಾಕ್ಟರು ಹೇಳಿದ್ದಾರೆ. ಒರಟು ಮೈಯ ಗ್ರಾನೈಟೋ ಕಡಪವೋ ಇರಲಿ, ಅಂಗಳದ ಕಡೆಗೆ ಐದಡಿಗೆ ಒಂದಿಂಚು ಇಳಿಜಾರು ಕೊಡಿ. ಸೂರಿನ ಹನಿ ನೆಲಕ್ಕೆ ಬಡಿದು ಎರಡಡಿ ಎತ್ತರ ಸಿಡಿಯುತ್ತದೆ, ಚಿರೇಕಲ್ಲಿನ ಗೋಡೆಯ ಬುಡಕ್ಕೆ ಪಾಚಿ ಹತ್ತುವುದು ಅದರಿಂದ. ಹನಿ ಬೀಳುವ ಸಾಲಿನಲ್ಲಿ ಒಂದಡಿ ಅಗಲಕ್ಕೆ ಹೊಳೆಗಲ್ಲು ತುಂಬಿದರೆ ಸಿಡಿತ ಅಲ್ಲೇ ಸಾಯುತ್ತದೆ.

ನೀರು ಹಿಡಿದಿಡುವ ಉತ್ಸಾಹಿಗಳು 5000 ಲೀಟರಿನ ಟ್ಯಾಂಕು ತರುತ್ತಾರೆ. ಜೋರು ಮಳೆಗೆ ಒಂದೂವರೆ ತಾಸಿಗೂ ಮುಂಚೆ ಅದು ಭರ್ತಿ, ಉಳಿದ ನಾಲ್ಕು ತಿಂಗಳು ತುಂಬಿ ಹರಿಯುವುದೇ ಅದರ ಉದ್ಯೋಗ. ಜುಲೈಯಲ್ಲಿ ಬಾವಿಯೇ ಕೈಗೆಟಕುವಷ್ಟು ತುಂಬಿರುವಾಗ ಟ್ಯಾಂಕಿನ ನೀರು ಯಾರಿಗೆ ಬೇಕು? ಅಕ್ಟೋಬರಿನ ಕೊನೆಯ ಮಳೆಗೆ ಅದನ್ನು ತೊಳೆದು ಹೊಸದಾಗಿ ತುಂಬಿಸಿದರೆ ಉಪಯೋಗ. ಆಗಲೂ ಮೊದಲ ಎರಡು ಮಿ.ಮೀ., ಅಂದರೆ ಈ ಮಾಡಿಗೆ 120 ಲೀಟರ್, ಬೇರೆ ಡ್ರಮ್ಮಿಗೆ ಹೋಗಲಿ. ಧೂಳು, ಹಕ್ಕಿ ಹಿಕ್ಕೆ, ಮಂಗನ ಕಾಣಿಕೆ ಎಲ್ಲ ಅದರಲ್ಲಿರುತ್ತವೆ. ಸೋಸಲು ಹಾಕುವ ಮರಳನ್ನು ಚೆನ್ನಾಗಿ ತೊಳೆಯದಿದ್ದರೆ ಸೋಸಿದ ನೀರೇ ಹೆಚ್ಚು ಕೆಂಪಗಿರುತ್ತದೆ.

ತುಳಸಿಕಟ್ಟೆ ಮರೆತೇಹೋಗಿತ್ತು. ಕಟ್ಟಿಸುವವರೂ ಮರೆಯುವುದು ಅದನ್ನೇ. ಬುಡದಲ್ಲಿ ಒಂದಿಂಚಿನ ತೂತು ಬಿಡದಿದ್ದರೆ ಬೇರಿಗೆ ನೀರು ನಿಂತು ತುಳಸಿ ಆಷಾಢದೊಳಗೆ ಕೊಳೆಯುತ್ತದೆ. ಕೊರೆಯುವುದು ಹತ್ತು ನಿಮಿಷದ ಕೆಲಸ. ಆದರೆ ಕಟ್ಟೆಗೆ ಆಗಲೇ ಗ್ರಾನೈಟ್ ಅಂಟಿಸಿಯಾಗಿರುತ್ತದೆ, ಗ್ರಾನೈಟ್ ಕೊರೆಯುವವನು ‘ತುಳಸಿ ಮದುವೆ ಮುಗಿಲಿ, ಬರ್ತೆ’ ಎಂದಿರುತ್ತಾನೆ.